ಬೆಂಕಿಪುರದ ಕುಲುಮೆ

ರಾಜ್ಯೋತ್ಸವದ ಈ ಸಂಚಿಕೆಗೆ ಇತಿಹಾಸದ ಯಾವುದಾದರೊಂದು ವಿಷಯವನ್ನು ಕುರಿತು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಬಾದಾಮಿಯನ್ನೋ ಹಂಪೆಯನ್ನೋ ಹಿಡಿದು ಹೊರಡುವುದು ನನಗೆ ಸುಲಭವಾಗಿತ್ತು. ಆದರೆ ರಾಜರ ಇತಿಹಾಸವನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಕಲ್ಲಿನ ಮೇಲೆ ಕೆತ್ತಿದ್ದು ಎಲ್ಲಿಗೂ ಓಡಿಹೋಗುವುದಿಲ್ಲ. ಕೈಗೆ ಮಸಿ ಹತ್ತಿಸಿಕೊಂಡು ದುಡಿದವರ ಮಾತು ಹಾಗಲ್ಲ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಅದು ಅವರೊಡನೆಯೇ ಹೋಗಿಬಿಡುತ್ತದೆ. ನಮ್ಮ ಡೊಂಬಿವಲಿಯಲ್ಲಿ, ಮಕ್ಕಳ ಮನೆಗಳಲ್ಲಿ ವಿಶ್ರಾಂತಿಯಿಂದಿರುವ ಮೂವರು ಹಿರಿಯರಿಗೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ನಂಟುಂಟೆಂದು ತಿಳಿದು, ಕಳೆದ ಮಳೆಗಾಲದ ಕೆಲವು ಭಾನುವಾರಗಳನ್ನು ಅವರೊಡನೆ ಕಳೆದೆನು. ಅವರ ಇಷ್ಟದಂತೆ ಇಲ್ಲಿ ಹೆಸರುಗಳನ್ನು ಬರೆದಿಲ್ಲ.

ಮೊದಲು ಊರಿನ ಹೆಸರಿನ ಮಾತು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹಗಲೂ ರಾತ್ರಿಯೂ ಉರಿಯುವ ಕುಲುಮೆಯಿಂದಲೇ ಈ ಹೆಸರು ಬಂತೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ನಿಜವು ತಿರುಗುಮುರುಗಾಗಿದೆ. ವಂಕಿಪುರವೆಂಬ ಹಳೆಯ ಹೆಸರು ಜನರ ಬಾಯಲ್ಲಿ ಬೆಂಕಿಪುರವಾಗಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನವನ್ನು ಸುತ್ತಿಕೊಂಡು ಕುಳಿತಿದ್ದ ಆ ಸಣ್ಣ ಊರಿಗೆ ಹೆಸರು ಮೊದಲು ಬಂತು, ಬೆಂಕಿ ಆಮೇಲೆ ಬಂತು. ಬೆಂಕಿ ಬಂದ ಮೇಲೆ ಬೆಂಕಿಪುರವೆಂಬ ಹೆಸರು ಹೊರಟುಹೋದದ್ದು ಒಂದು ವಿನೋದ.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅದಕ್ಕೆ ಮೊದಲು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಬಹುಕಾಲ ದುಡಿದವರು ಅವರು. ಉದ್ಯೋಗಕ್ಕಾಗಿ ಈ ಕಡೆಗೆ ಬಂದ ನಮ್ಮಂಥವರ ಪಂಕ್ತಿಯಲ್ಲಿ ಅವರನ್ನೂ ಎಣಿಸಿಕೊಳ್ಳಬಹುದು. ಬಾಬಾಬುಡನ್ ಬೆಟ್ಟಸಾಲಿನಲ್ಲಿ, ಕೆಮ್ಮಣ್ಣುಗುಂಡಿಯಲ್ಲಿ, ಒಳ್ಳೆಯ ಅದಿರಿತ್ತು. ಸುಣ್ಣದ ಕಲ್ಲೂ ದೂರವಿರಲಿಲ್ಲ. ಭದ್ರಾ ನದಿಯಲ್ಲಿ ನೀರಿತ್ತು. ಇಲ್ಲದಿದ್ದುದು ಕಲ್ಲಿದ್ದಲೊಂದೇ. ಬಿಹಾರ ಬಂಗಾಳಗಳ ಗಣಿಗಳಿಂದ ಅದನ್ನು ರೈಲಿನಲ್ಲಿ ತರುವುದಾದರೆ ಕಬ್ಬಿಣದ ಬೆಲೆ ಬೆಳ್ಳಿಯ ಬೆಲೆಯಾಗುವಂತಿತ್ತು. ಆದ್ದರಿಂದ ಮಲೆನಾಡಿನ ಕಾಡಿನ ಸೌದೆಯನ್ನೇ ಇದ್ದಲು ಮಾಡಿ ಅದಿರನ್ನು ಕರಗಿಸುವುದೆಂದು ತೀರ್ಮಾನವಾಯಿತು. ಜಂಶೆಡ್‌ಪುರದ ಕಾರ್ಖಾನೆಗೂ ಸಲಹೆಗಾರನಾಗಿದ್ದ ಪೆರಿನ್ ಎಂಬ ಅಮೆರಿಕದ ಇಂಜಿನಿಯರು ಯೋಜನೆಯನ್ನು ತಯಾರಿಸಿದನು. ದಿನಕ್ಕೆ 60 ಟನ್ ಬೀಡುಕಬ್ಬಿಣ ತೆಗೆಯುವ ಊದುಕುಲುಮೆಯೂ, ಅದರ ಜೊತೆಗೆ ಮರವನ್ನು ಭಟ್ಟಿಯಿಳಿಸುವ ಭಾರಿ ಸ್ಥಾವರವೂ ಎದ್ದವು. 1923ರಲ್ಲಿ ಕುಲುಮೆ ಹೊತ್ತಿತು. ಆಗ ಇದರ ಹೆಸರು ಮೈಸೂರು ಕಬ್ಬಿಣದ ಕಾರ್ಖಾನೆ.

‘ವಿಶ್ವೇಶ್ವರಯ್ಯನವರು ಕಟ್ಟಿದ ಕಾರ್ಖಾನೆ’ ಎಂದು ಮೂವರು ಹಿರಿಯರೂ ಒಂದೇ ಬಾಯಲ್ಲಿ ಹೇಳಿದರು. ಇದು ಮುಕ್ಕಾಲು ನಿಜ. ಯೋಜನೆಗೆ ಒಪ್ಪಿಗೆ ದೊರಕಿಸಿದ ಅವರು 1918ರ ಕೊನೆಗೆ ದಿವಾನಗಿರಿಯನ್ನು ಬಿಟ್ಟರು. ಕಟ್ಟಡದ ಕೆಲಸವೆಲ್ಲ ಆಮೇಲಿನದು. ನನ್ನ ಮಟ್ಟಿಗೆ ಅವರ ದೊಡ್ಡತನ ಕಾಣುವುದು ಕಾರ್ಖಾನೆಯನ್ನು ಹೂಡಿದ್ದರಲ್ಲಿ ಅಲ್ಲ, ಅದು ಮುಳುಗುವಂತಿದ್ದಾಗ ಬಂದು ಹೊಣೆ ಹೊತ್ತದ್ದರಲ್ಲಿ.

ಏಕೆ ಮುಳುಗುವಂತಾಯಿತು? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಯುದ್ಧ ಮುಗಿದ ಮೇಲೆ ಕುಸಿಯಿತು. ಇನ್ನೊಂದು ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಂತು. ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿದರೆ ಇದ್ದಲು ಉಳಿಯುವುದಲ್ಲದೆ, ಹೊಗೆಯನ್ನು ತಣಿಸಿದಾಗ ಮರದ ಮದ್ಯಸಾರ, ಅಸಿಟಿಕ್ ಆಮ್ಲ, ಡಾಂಬರು ಮುಂತಾದವು ಸಿಕ್ಕುತ್ತವೆ. ಇವುಗಳ ಮಾರಾಟದಿಂದ ಇದ್ದಲಿನ ಖರ್ಚು ತಗ್ಗುವುದೆಂಬುದೇ ಮರದ ಭಟ್ಟಿಯ ಲೆಕ್ಕಾಚಾರ. ಆದರೆ ಭದ್ರಾವತಿಯ ಕುಲುಮೆ ಹೊತ್ತಿದ ಅದೇ 1923ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಮರದ ಹಂಗಿಲ್ಲದೆ, ಅನಿಲಗಳಿಂದಲೇ ಆ ಮದ್ಯಸಾರವನ್ನು ಅಗ್ಗವಾಗಿ ತಯಾರಿಸತೊಡಗಿದರು. ಲೋಕದಲ್ಲೆಲ್ಲ ಮರದ ಭಟ್ಟಿಗಳು ಕಳೆಗುಂದಿದವು. ಎಲ್ಲಿಯ ಲೂನಾ, ಎಲ್ಲಿಯ ಬೆಂಕಿಪುರ!

ಆ ಸಂಕಟದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಯಿತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ಖರ್ಚನ್ನು ಹಿಡಿದು, ಪರದೇಶದ ತಜ್ಞರ ಜಾಗಗಳಲ್ಲಿ ನಮ್ಮ ಹುಡುಗರನ್ನು ತರಬೇತಿಗೊಳಿಸಿ ನಿಲ್ಲಿಸಿದರು. ಕಾರ್ಖಾನೆ ಚೇತರಿಸಿಕೊಳ್ಳುವವರೆಗೆ ಸಂಭಾವನೆಯನ್ನು ಮುಟ್ಟಲಿಲ್ಲ. ಆ ಹಣವು ಮುಂದೆ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಗೆ ಸಂದಿತು. ಶಾಲೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರನ್ನೇ ಇಡಿಸಿದರು.

ಆ ಮೇಲಿನ ಏಳಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1927ರಲ್ಲಿ ಸಂಸ್ಥಾನದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿಯವರು ಭದ್ರಾವತಿಗೂ ಬಂದರು. 1936ರಲ್ಲಿ ಉಕ್ಕಿನ ವಿಭಾಗ ಬಂತು. ಅದೇ ವರ್ಷ ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಕೆಲವೇ ಕಾಲದಲ್ಲಿ ಸಿಮೆಂಟೂ ಬಂತು. 1948ರಲ್ಲಿ ಜೋಗದ ವಿದ್ಯುತ್ತು ಹರಿಯಿತು. 1952ರಲ್ಲಿ ಅದರ ಬಲದಿಂದ ವಿದ್ಯುತ್ ಕುಲುಮೆಗಳು ಕೆಲಸಕ್ಕೆ ನಿಂತವು.

ಈಗ ಹಿರಿಯರ ಮಾತು. ಮೊದಲನೆಯವರಿಗೆ 80 ದಾಟಿದೆ. ತಂದೆಯೂ ಅದೇ ಕಾರ್ಖಾನೆಯವರು, ಕಾಡಿನಿಂದ ಸೌದೆ ಹೊರುವ ಟ್ರಾಂ ಗಾಡಿಯ ಕಡೆಯವರು. ಬೆಟ್ಟದಿಂದ ತಂತಿಹಗ್ಗದ ಮೇಲೆ ಅದಿರಿನ ತೊಟ್ಟಿಗಳು ಒಂದರ ಹಿಂದೊಂದು ತೇಲಿಬರುತ್ತಿದ್ದುದನ್ನು ಬಾಲ್ಯದಲ್ಲಿ ತಂದೆಯೊಡನೆ ಹೋಗಿ ನೋಡಿದ್ದನ್ನು ಹೇಳುವಾಗ ಅವರು ಕೈಯಿಂದಲೇ ಗಾಳಿಯಲ್ಲಿ ತೊಟ್ಟಿಗಳನ್ನು ತೇಲಿಸಿ ತೋರಿಸಿದರು. ತಾವು ಸೇರಿದ್ದು 1960ರ ಸುಮಾರಿಗೆ, ಕುಲುಮೆಯ ಕೆಲಸಕ್ಕೆ.

“ನೋಡಪ್ಪಾ, ಕಬ್ಬಿಣ ಇಳಿಸೋ ಹೊತ್ತಿಗೆ ಯಾರೂ ಮಾತಾಡ್ತಿರಲಿಲ್ಲ. ಬಾಯಿಗೆ ಮೆತ್ತಿದ ಮಣ್ಣನ್ನ ಹಾರೆಯಿಂದ ಒಡೀಬೇಕು. ಒಡೆದ ಮೇಲೆ ಅದು ನೀರಿಗಿಂತ ತೆಳ್ಳಗೆ ಬರುತ್ತೆ. ಮರಳಲ್ಲಿ ತೇವ ಇದ್ದರೆ ಸಿಡಿಯುತ್ತೆ. ಅದಕ್ಕೇ ಮೊದಲು ಮರಳನ್ನ ಅಂಗೈಯಲ್ಲಿ ಹಿಡಿದು ನೋಡ್ತಿದ್ದೆವು.” ಕುಲುಮೆಯೊಳಗೆ ನೋಡಲು ನೀಲಿ ಗಾಜು, ಅದರಲ್ಲಿ ಕಾಣುವ ಬಣ್ಣದಿಂದಲೇ ಕಾವು ಎಷ್ಟೆಂದು ಹೇಳಬಲ್ಲ ಮೇಸ್ತ್ರಿಗಳಿದ್ದರಂತೆ. ಅಂಥವರಲ್ಲಿ ಸಹಿ ಮಾಡಲು ಬಾರದವರೂ ಇದ್ದರು. ಯಂತ್ರ ಹೇಳುವುದಕ್ಕೆ ಮೊದಲೇ ಇವರು ಹೇಳುತ್ತಿದ್ದರು ಎಂಬ ಮಾತನ್ನು ನಾನು ಸ್ವಲ್ಪ ಅನುಮಾನದಿಂದಲೇ ಕೇಳಿದೆ. ಅದು ಅವರಿಗೆ ತಿಳಿಯಿತು. “ನಿಮ್ಮ ಮನೇಲಿ ದೋಸೆ ಕಾವಲಿ ಕಾದದ್ದು ಗೊತ್ತಾಗೋದು ಯಾವ ಯಂತ್ರದಿಂದ?” ಎಂದು ಕೇಳಿದರು. ನಾನು ಸುಮ್ಮನಾದೆ.

ಎರಡನೆಯವರು ಆ ಊರಿನಲ್ಲಿ ಹುಟ್ಟಿ, ಕಾರ್ಖಾನೆಯವರನ್ನೇ ಮದುವೆಯಾದ ತಾಯಿ. ಮನೆಮಾತು ತಮಿಳು. ಭದ್ರಾವತಿಗೆ ಕೆಲಸವನ್ನರಸಿ ಬಂದ ತಮಿಳರ ಸಂಖ್ಯೆ ದೊಡ್ಡದು. ಅವರ ಅಜ್ಜ ಅಂಥವರಲ್ಲೊಬ್ಬರು. ಈ ತಾಯಿ ಶಾಲೆಯಲ್ಲಿ ಓದಿದ್ದು ಕನ್ನಡ, ಹಾಡು ಕಲಿತದ್ದು ಕನ್ನಡದಲ್ಲಿ, ಡೊಂಬಿವಲಿಗೆ ಬಂದ ಮೇಲೆ ಹುಡುಕಿಕೊಂಡು ಬಂದದ್ದು ನಮ್ಮ ಸಂಘವನ್ನು. “ಮೂರು ಹೊತ್ತೂ ಕಾರ್ಖಾನೆ ಕೂಗು. ಅದರ ಮೇಲೇ ನಮ್ಮ ಅಡಿಗೆ, ಮಕ್ಕಳ ಸ್ಕೂಲು. ಗಡಿಯಾರ ಅಂತ ಮನೆಗೆ ತಂದದ್ದು ಇಲ್ಲಿಗೆ ಬಂದ ಮೇಲೇನೆ” ಎಂದರು. ರಾತ್ರಿಪಾಳಿ ಮುಗಿಸಿ ಬಂದವರು ಹಗಲು ಮಲಗಿದ್ದಾಗ ಬೀದಿಯ ಮಕ್ಕಳನ್ನು ಸದ್ದು ಮಾಡದೆ ಆಡಿಸುವುದೇ ಹೆಂಗಸರಿಗೆ ದೊಡ್ಡ ಕೆಲಸವಂತೆ. ಒಗೆದು ಹರವಿದ ಬಟ್ಟೆಯನ್ನು ಗಾಳಿ ಬೀಸುವ ದಿಕ್ಕು ನೋಡಿಕೊಂಡು ಒಳಗೆ ತರಬೇಕಾಗಿತ್ತು. ಇಲ್ಲವಾದರೆ ಕೆಂಪು ಧೂಳಿನಿಂದಾಗಿ ಇನ್ನೊಮ್ಮೆ ಒಗೆಯಬೇಕು. ಕ್ರಿಕೆಟ್ಟಿನ ಜಿ. ಆರ್. ವಿಶ್ವನಾಥರು 1949ರಲ್ಲಿ ಹುಟ್ಟಿದ್ದು ತಮ್ಮೂರಿನಲ್ಲೆಂಬುದನ್ನು ನನಗೆ ಎರಡು ಸಲ ನೆನಪಿಸಿದರು.

ಈ ತಾಯಿಯ ಮಾತನ್ನು ಕೇಳಿ ಬಂದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ನಮ್ಮ ಮಕ್ಕಳು ಇಲ್ಲಿ ಮರಾಠಿಯಲ್ಲಿ ಆಡಿ ಬೆಳೆಯುವುದನ್ನು ಕುರಿತು ನಾವು ಸಭೆಗಳಲ್ಲಿ ಎಷ್ಟು ಚಿಂತೆ ಮಾಡುತ್ತೇವೆ! ಅಲ್ಲಿ ಭದ್ರಾವತಿಯಲ್ಲಿ ಇನ್ನೊಂದು ಮನೆಮಾತಿನವರು ಕನ್ನಡದಲ್ಲಿ ಆಡಿ ಬೆಳೆದು, ಎರಡನ್ನೂ ಉಳಿಸಿಕೊಂಡು, ಈಗ ನಮಗೆ ಕೋಲಾಟ ಕಲಿಸುತ್ತಿದ್ದಾರೆ.

ಮೂರನೆಯವರು ಭದ್ರಾವತಿಯಲ್ಲಿ ಒಂಬತ್ತು ವರ್ಷ ದುಡಿದು, 1970ರ ದಶಕದ ಆರಂಭದಲ್ಲಿ ಥಾಣೆಗೆ ಬಂದವರು. 1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ಅಭಿವೃದ್ಧಿ ನಿಗಮ ಹುಟ್ಟಿ, ವಾಗಳೆ ಎಸ್ಟೇಟಿನಿಂದ ಮೊದಲ್ಗೊಂಡು ಕಾರ್ಖಾನೆಗಳ ಸಾಲು ಬೆಳೆಯುತ್ತಿದ್ದ ಕಾಲವದು. ಥಾಣೆ-ಬೇಲಾಪುರ ರಸ್ತೆಯಲ್ಲಿ, ಕಳವೆ-ದಿಘೆಯ ಕಡೆ, ಮುಕುಂದ್ ಕಂಪನಿಯ ಉಕ್ಕಿನ ಕಾರ್ಖಾನೆಯೇ ಮೊದಲಾಗಿ ಕುಲುಮೆಗಳು ಎದ್ದಿದ್ದವು. ಅವುಗಳಲ್ಲೊಂದರಲ್ಲಿ ಇವರಿಗೆ ಕೆಲಸ ಸಿಕ್ಕಿತು. ಭದ್ರಾವತಿಯವನೆಂದರೆ ಪರೀಕ್ಷೆಯೇ ಇಲ್ಲದೆ ತೆಗೆದುಕೊಂಡರೆಂದು ಹೆಮ್ಮೆಯಿಂದ ಹೇಳುತ್ತಾರೆ. ಎರಡು ಕಡೆಯ ಕೆಲಸಕ್ಕೂ ಏನು ಭೇದವೆಂದು ಕೇಳಿದೆ. “ಅಲ್ಲಿ ಮಣ್ಣಿನಿಂದ ಕಬ್ಬಿಣ ತೆಗೀತಿದ್ದೆವು. ಇಲ್ಲಿ ಕಬ್ಬಿಣದಿಂದ ಕಬ್ಬಿಣ” ಎಂದರು. ಭದ್ರಾವತಿಯ ಊದುಕುಲುಮೆಗೆ ಅದಿರು, ಇದ್ದಲು, ಸುಣ್ಣದ ಕಲ್ಲು ಬೇಕು. ಇಲ್ಲಿ ಅವರು ನಿಂತ ವಿದ್ಯುತ್ ಕುಲುಮೆಗೆ ಗುಜರಿಯೇ ಆಹಾರ. ಮುಂಬಯಿಯ ದಾರುಖಾನೆಯಲ್ಲಿ ಒಡೆದ ಹಡಗಿನ ತುಂಡುಗಳು ಲಾರಿಯಲ್ಲಿ ಬರುತ್ತಿದ್ದವಂತೆ. ಸಮುದ್ರವನ್ನೇ ನೋಡದೆ ಬೆಳೆದ ಮಲೆನಾಡಿನವರು ಹಡಗನ್ನು ಮೊದಲು ಕಂಡದ್ದು ಕುಲುಮೆಯ ಬಾಯಲ್ಲಿ!

ಆಗ ಅವರ ವಾಸ ಕಳವೆಯ ಒಂದು ಚಾಳಿನಲ್ಲಿ, ಒಂದು ಕೋಣೆಗೆ ನಾಲ್ವರು. ಪಾಳಿಗಳು ಬೇರೆ ಬೇರೆಯಾದ್ದರಿಂದ ಎರಡು ಹಾಸಿಗೆ ಸಾಕಾಗುತ್ತಿತ್ತು. ಸ್ಟೇಷನ್ನಿನಿಂದ ಕಾರ್ಖಾನೆಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಕಾಲ್ನಡಿಗೆ. ಆ ಹಾದಿಯಲ್ಲಿ ಥಾಣೆ-ವಾಶಿ ನಡುವೆ ಪ್ರಯಾಣಿಕರ ರೈಲು ಓಡಿದ್ದು 2004ರಲ್ಲಿ. ದಿಘಾ ಗಾಂವ್ ನಿಲ್ದಾಣ ತೆರೆದದ್ದು 2024ರ ಜನವರಿಯಲ್ಲಿ. “ನಾನು ಮೂವತ್ತು ವರ್ಷ ನಡೆದೆ. ಈಗ ಸ್ಟೇಷನ್ ಬಂತು. ಮೊಮ್ಮಗನ ಜೊತೆ ಒಂದು ದಿನ ಸುಮ್ಮನೆ ಹೋಗಿ ಇಳಿದು ಬಂದೆ” ಎಂದು ನಕ್ಕರು.

ಭದ್ರಾವತಿಯ ಕಾರ್ಖಾನೆ 1962ರಲ್ಲಿ ರಾಜ್ಯ, ಕೇಂದ್ರ ಎರಡೂ ಸರ್ಕಾರಗಳ ಪಾಲುಳ್ಳ ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಬಂದು 1998ರಲ್ಲಿ ಅದರಲ್ಲಿಯೇ ಲೀನವಾಯಿತು. 2016ರಲ್ಲಿ ಅದನ್ನು ಖಾಸಗಿಯವರಿಗೆ ಕೊಡಲು ತಾತ್ವಿಕ ಒಪ್ಪಿಗೆ ಬಂತು. ಕೊಳ್ಳುವವರು ಕೂಡಿಬರದೆ 2022ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಟಿತು. ಗುತ್ತಿಗೆ ಕೆಲಸಗಾರರು ಬಾಗಿಲಲ್ಲಿ ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಉಕ್ಕಿನ ಸರಳುಗಳ ವಿಭಾಗದಲ್ಲಿ ಕೆಲಸ ಸ್ವಲ್ಪ ಮಟ್ಟಿಗೆ ಮರಳಿ ಹಿಡಿಯಿತು. 2024ರಲ್ಲಿ ಕೇಂದ್ರದ ಉಕ್ಕಿನ ಸಚಿವ ಎಚ್. ಡಿ. ಕುಮಾರಸ್ವಾಮಿಯವರು ಅಲ್ಲಿಗೆ ಹೋಗಿ ಪುನಶ್ಚೇತನದ ಮಾತನ್ನಾಡಿದರು. ನೆರೆಯ ಕಾಗದದ ಕಾರ್ಖಾನೆಯಂತೂ 2015ರಲ್ಲಿಯೇ ನಿಂತಿತ್ತು.

ಇದು ಏಕೆ ಹೀಗಾಯಿತೆಂಬುದರಲ್ಲಿ ನಮ್ಮ ಹಿರಿಯರಿಬ್ಬರಿಗೂ ಜಗಳವೇ ಆಯಿತು. ಕುಲುಮೆಯವರು ಹೇಳುವುದು: ಸ್ವಂತ ಗಣಿ ಇಲ್ಲದ, ಹೊಸ ಬಂಡವಾಳ ಹಾಕದ ಕಾರ್ಖಾನೆಯನ್ನು ನಷ್ಟದ್ದೆಂದು ದೂರುವುದು, ಮೇವು ಹಾಕದೆ ಹಸು ಕರೆಯುವುದಿಲ್ಲವೆಂದು ದೂರಿದಂತೆ. ಥಾಣೆಗೆ ಬಂದವರು ಇದನ್ನೊಪ್ಪುವುದಿಲ್ಲ. ಅದು ಹುಟ್ಟಿದ್ದೇ ಕಾಡನ್ನು ನಂಬಿ. ಅಂಥ ಕಾಡೂ ಉಳಿಯಲಿಲ್ಲ, ಆ ಕಾಲದ ಲೆಕ್ಕವೂ ಉಳಿಯಲಿಲ್ಲ. ಸಾವಿರಾರು ಟನ್‌ಗಳ ಕಾರ್ಖಾನೆ ಲಕ್ಷಗಟ್ಟಲೆ ಟನ್‌ಗಳವರೊಡನೆ ಸ್ಪರ್ಧಿಸಲಾರದು ಎಂಬುದು ಅವರ ವಾದ. ನನಗೆ ಇಬ್ಬರ ಮಾತಿನಲ್ಲಿಯೂ ಹುರುಳು ಕಂಡಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಭಾರಿ ಸ್ಥಾವರಗಳ ಮುಂದೆ ಭದ್ರಾವತಿ ಚಿಕ್ಕದೆಂಬುದು ನಿಜ. ಚಿಕ್ಕದಾದರೂ ವಿಶೇಷ ಜಾತಿಯ ಉಕ್ಕುಗಳನ್ನು ತಯಾರಿಸಿ ಹೆಸರು ಗಳಿಸಿತ್ತೆಂಬುದೂ ನಿಜ. ಮಲೆನಾಡಿನ ಎಷ್ಟು ಮರ ಅದರ ಹೊಟ್ಟೆಗೆ ಹೋಯಿತೆಂಬ ಪ್ರಶ್ನೆಯನ್ನು ನಮ್ಮ ಅಭಿಮಾನದ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ಟ್ರಾಂ ಗಾಡಿಯವರ ಮಗನೇ ಎತ್ತಿದರು. “ಅಪ್ಪ ಹೇಳ್ತಿದ್ದರು, ವರ್ಷ ವರ್ಷ ಕಾಡು ಹಿಂದಕ್ಕೆ ಹೋಗ್ತಾ ಇತ್ತು ಅಂತ” ಎಂದರು.

ಜಗಳ ಬಿಸಿಯೇರಿದಾಗ ತಾಯಿಯವರು ಕಾಫಿ ತಂದಿಟ್ಟರು. ಕುಲುಮೆಯವರು ಒಳಗೆ ಹೋಗಿ ಒಂದು ಸಣ್ಣ ಪಿತ್ತಳೆಯ ಬಿಲ್ಲೆಯನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ತೋರಿಸುತ್ತಿದ್ದ ಬಿಲ್ಲೆ, ತಂದೆಯದಂತೆ. ಸವೆದುಹೋಗಿ ನಾಲ್ಕು ಅಂಕಿಗಳಲ್ಲಿ ಮೂರು ಮಾತ್ರ ಓದಲು ಬರುತ್ತವೆ. ಸಂಘದ ವಾಚನಾಲಯದ ಗಾಜಿನ ಕಪಾಟಿನಲ್ಲಿ ಇಡಲು ಕೊಡುವಿರಾ ಎಂದು ಕೇಳಿದೆ. “ಇನ್ನೂ ಸ್ವಲ್ಪ ದಿನ ನನ್ನ ಹತ್ತಿರ ಇರಲಿ” ಎಂದರು.