ಮಡಿಲಿನ ಮಗುವೂ ಸೀಟ್ ಬೆಲ್ಟೂ

ಮಲ್ಪೆಯಿಂದ ಆದಿ ಉಡುಪಿಯನ್ನು ಹಾದು ಆಗುಂಬೆಯ ಕಡೆಗೆ ಸಾಗುವ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 169ಎ ಎಂದು ಹೆಸರು. ಇಲ್ಲಿ ಅಂಬಾಸಡರ್ ಕಾರುಗಳು ಓಡಾಡುತ್ತಿದ್ದ ಕಾಲದಲ್ಲಿ, ಮುಂದಿನ ಉದ್ದ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವುದೇ ವಾಡಿಕೆಯಾಗಿತ್ತು. ಕಟ್ಟಿಕೊಳ್ಳಲು ಬೆಲ್ಟಾದರೂ ಎಲ್ಲಿತ್ತು?

ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಇಂದಿನ ಬೆಲ್ಟ್ 1959ರ ಕೊಡುಗೆ. ಅದನ್ನು ರೂಪಿಸಿದ ಸ್ವೀಡನ್ನಿನ ನಿಲ್ಸ್ ಬೋಲಿನ್ ಮೊದಲು ವಿಮಾನದ ಪೈಲಟನನ್ನು ಅಪಾಯದಲ್ಲಿ ಹೊರಕ್ಕೆ ಚಿಮ್ಮಿಸುವ ಆಸನಗಳ ಎಂಜಿನಿಯರಾಗಿದ್ದರು. ಅವರನ್ನು ನೇಮಿಸಿಕೊಂಡ ವೋಲ್ವೋ ಕಂಪನಿ ಪೇಟೆಂಟನ್ನು ಉಳಿದ ತಯಾರಕರಿಗೂ ಮುಕ್ತವಾಗಿಟ್ಟಿತು. ವ್ಯಾಪಾರದಲ್ಲಿ ಇಂಥ ಔದಾರ್ಯ ಅಪರೂಪವೇ ಸರಿ. 1970ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಬೆಲ್ಟ್ ಧರಿಸುವುದನ್ನು ಕಡ್ಡಾಯಗೊಳಿಸಿತು. ಭಾರತದ ಹೊಸ ಕಾರುಗಳ ಮುಂದಿನ ಸೀಟಿಗೆ ಅದು ಕಡ್ಡಾಯವಾಗಿ ಬಂದದ್ದು 1994ರಲ್ಲಿ.

ಮಗುವಿನ ಗತಿ? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ದೊಡ್ಡವರ ಬೆಲ್ಟೋ ಎಳೆಯ ಮಗುವಿನ ಕುತ್ತಿಗೆ, ಹೊಟ್ಟೆಗಳ ಮೇಲೆ ಬೀಳುತ್ತದೆ. ಆದ್ದರಿಂದಲೇ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕಾಗುವುದು. 14 ವರ್ಷದೊಳಗಿನವರನ್ನು ಬೆಲ್ಟಿನಿಂದಲೋ ಇಂಥ ಆಸನದಿಂದಲೋ ಭದ್ರಪಡಿಸದೆ ಕಾರು ಓಡಿಸಿದವರಿಗೆ 1000 ರೂಪಾಯಿ ದಂಡವೆಂದು ನಮ್ಮ ಕಾನೂನು ಹೇಳಿದ್ದು 2019ರ ತಿದ್ದುಪಡಿಯಲ್ಲಿ. ಅಂದರೆ 1994ರಿಂದ 25 ವರ್ಷಗಳ ಬಳಿಕ!

ಹಿಂದಿನ ಸೀಟಿನವರಿಗೆ ನಿಯಮವಿದ್ದರೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ, ಹಿಂದೆ ಬೆಲ್ಟಿಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರು. ಮುಂದಿದ್ದ ಇಬ್ಬರು ಬದುಕುಳಿದರು. ಮರುತಿಂಗಳೇ ಕರ್ನಾಟಕದ ಪೊಲೀಸರಿಗೆ ಹಿಂದಿನ ಸೀಟನ್ನೂ ನೋಡಿ ದಂಡ ಹಾಕುವಂತೆ ಆದೇಶ ಬಂತು.