ನಲ್ಲೂರು ಹುಣಸೆ ತೋಪು: ಮರದ ವಯಸ್ಸು, ತೋಪಿನ ವಯಸ್ಸು

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತೋಪಿಗೆ ಹೋದವರ ಕಿವಿಗೆ ಮೊದಲು ಬೀಳುವುದು ಚೋಳರ ಹೆಸರು. ಸುಮಾರು 53 ಎಕರೆ ನೆಲ, ಮುನ್ನೂರರ ಹತ್ತಿರ ಹುಣಸೆ ಮರಗಳು. ಇವು ಚೋಳರ ಕಾಲದಲ್ಲಿ ನೆಟ್ಟವು ಎಂಬುದು ಊರಿನ ನಂಬಿಕೆ. ಆದರೆ ಇಲ್ಲಿನ ಹಿರಿಯ ಮರವೊಂದಕ್ಕೆ ಇಂಗಾಲ ಪರೀಕ್ಷೆ ಕೊಟ್ಟ ವಯಸ್ಸು 400 ವರ್ಷಕ್ಕಿಂತ ತುಸು ಹೆಚ್ಚು. ಎರಡರ ನಡುವೆ ಸುಮಾರು ಐದು ಶತಮಾನಗಳ ಅಂತರ.

ಊರವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಈ ಸೀಮೆಯನ್ನೂ ಒಳಗೊಂಡ ಗಂಗವಾಡಿ ಚೋಳರ ಕೈಸೇರಿತ್ತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆಲ್ಲುವವರೆಗೂ ಅವರ ಆಳ್ವಿಕೆ ನಡೆಯಿತು. ಬೆಂಗಳೂರು ಸೀಮೆಯಲ್ಲಿ ದೊರೆತ ತಮಿಳು ಶಾಸನಗಳೇ ಅದಕ್ಕೆ ಸಾಕ್ಷಿ. ಆದರೆ ತೋಪಿನೊಳಗಿನ ಪಾಳುಗುಡಿ ಚೆನ್ನಕೇಶವನದು. ಶೈವನಿಷ್ಠ ಚೋಳರಿಗಿಂತ ಹೊಯ್ಸಳರ ಕಾಲ ಮತ್ತು ಆನಂತರದ ವೈಷ್ಣವ ಪರಂಪರೆಗೆ ಈ ಹೆಸರು ಹೆಚ್ಚು ಒಗ್ಗುತ್ತದೆ. ಇನ್ನು ಇಂಗಾಲದ ಲೆಕ್ಕ ನಮ್ಮನ್ನು ತಂದು ನಿಲ್ಲಿಸುವುದು ಇಲ್ಲಿನ ಪಾಳೆಯಗಾರರಾದ ಆವತಿ ನಾಡಪ್ರಭುಗಳ ಕಾಲಕ್ಕೆ. ಆ ವಂಶದ ಮಲ್ಲಬೈರೇಗೌಡ ದೇವನಹಳ್ಳಿಯಲ್ಲಿ ಕೋಟೆ ಕಟ್ಟಿಸಿದ್ದು 1501ರಲ್ಲಿ. ಈಗ ನಿಂತಿರುವ ಹಳೆಯ ಕಾಂಡಗಳು ಪಾಳೆಯಗಾರರ ಯುಗದವೆಂದು ಹೇಳುವುದೇ ನನಗೆ ಸರಿಯೆನಿಸುತ್ತದೆ.

ಹಾಗೆಂದು ತೋಪೂ ಅಷ್ಟೇ ವಯಸ್ಸಿನದು ಎನ್ನಲಾಗದು. ಮುದಿ ಹುಣಸೆಯ ತಿರುಳು ಕೊಳೆತು ಕಾಂಡ ಪೊಟರೆಯಾಗುತ್ತದೆ. ಮರದ ಅತಿ ಹಳೆಯ ಭಾಗ ಇದ್ದದ್ದೇ ಅಲ್ಲಿ. ಉಳಿದ ಕಟ್ಟಿಗೆಯನ್ನು ಪರೀಕ್ಷಿಸಿದರೆ ಸಿಗುವುದು ಕನಿಷ್ಠ ವಯಸ್ಸು ಮಾತ್ರ. ನಲ್ಲೂರಿನಲ್ಲಿ ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಇಲ್ಲಿ ಬಾಗಿದ ಕೊಂಬೆ, ಉರುಳಿದ ಕಾಂಡ ಮಣ್ಣಿಗೆ ತಾಗಿದಲ್ಲಿ ಬೇರು ಬಿಟ್ಟು ಮತ್ತೆ ಚಿಗುರುತ್ತದೆ. ಹಗ್ಗದಂತೆ ಹೊಸೆದುಕೊಂಡ ಕಾಂಡಗಳ ನಡುವೆ ತಾಯಿಮರ ಎಲ್ಲಿ ಮುಗಿಯಿತು, ಮರಿ ಎಲ್ಲಿ ಶುರುವಾಯಿತು ಎಂದು ನೋಡುಗನಿಗೆ ಬಗೆಹರಿಯುವುದಿಲ್ಲ. ಹೀಗೆ ಬೆಳೆದದ್ದು ಬೀಜದಿಂದ ಹುಟ್ಟಿದ ಹೊಸ ಗಿಡವಲ್ಲ, ಅದೇ ಮರದ ಮುಂದುವರಿಕೆ. ನಾಲ್ಕು ಶತಮಾನದ ಕಾಂಡವೊಂದು ಎಂದೋ ಬಿದ್ದ ಮರದ ಕೊಂಬೆಯಿಂದಲೇ ಎದ್ದಿದ್ದರೆ ಊರಿನ ನೆನಪೂ ಪ್ರಯೋಗಾಲಯದ ಅಂಕಿಯೂ ಒಂದಕ್ಕೊಂದು ವಿರುದ್ಧವಾಗಬೇಕಿಲ್ಲ.

2007ರಲ್ಲಿ ಜೀವವೈವಿಧ್ಯ ಕಾಯ್ದೆಯಡಿ ಈ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರುವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು ಸುತ್ತಲಿನ ಭೂಮಿಯ ಬೆಲೆ ಏರತೊಡಗಿತ್ತಾದ್ದರಿಂದ ಘೋಷಣೆ ಸಕಾಲಕ್ಕೇ ಬಂತೆನ್ನಬೇಕು. ಆದರೆ ಒಂದು ಮರದ ಅಂಕಿಯನ್ನೇ ಇಡೀ ತೋಪಿಗೆ ಅಂಟಿಸುವ ರೂಢಿ ನಿಲ್ಲಬೇಕು. ಅಕ್ಕಪಕ್ಕದ ಮರಗಳ ಡಿಎನ್‌ಎ ಹೋಲಿಸಿ ಯಾವುದು ಯಾವುದರ ಕವಲು ಎಂದು ಗುರುತಿಸಿ, ಬಳಿಕ ಪ್ರತಿ ಗುಂಪಿನ ಅತಿ ಹಳೆಯ ಕಟ್ಟಿಗೆಯನ್ನು ಇಂಗಾಲ ಪರೀಕ್ಷೆಗೆ ಒಡ್ಡಬೇಕು. ಬೇರಿಗೆ ಧಕ್ಕೆಯಾಗದಂತೆ ಗುಡಿಯ ಅಡಿಪಾಯವನ್ನೂ ಶೋಧಿಸಿದರೆ ಚೋಳರ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬಹುದು.