ಶೈತ್ಯಾಗಾರಕ್ಕೆ ತಳ್ಳು

ಶೈತ್ಯಾಗಾರಕ್ಕೆ ತಳ್ಳು (ನುಡಿಗಟ್ಟು): ಯೋಜನೆ, ವರದಿ ಅಥವಾ ಬೇಡಿಕೆಯನ್ನು ತಿರಸ್ಕರಿಸದೆ, ಜಾರಿಗೂ ತಾರದೆ ಅನಿರ್ದಿಷ್ಟ ಕಾಲ ಬದಿಗಿರಿಸು. ಇಂಗ್ಲಿಷಿನ ‘ಕೋಲ್ಡ್ ಸ್ಟೋರೇಜ್’ ಎಂಬ ಬಳಕೆಯಿಂದ ಬಂದದ್ದು. ಕನ್ನಡ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ.

ವಾಚ್ಯಾರ್ಥ: ಕೆಡುವ ವಸ್ತುವನ್ನು ತಂಪಿನಲ್ಲಿಟ್ಟು ಕಾಪಾಡುವ ಕೋಣೆ. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಬಯೋಕಾನ್‌ನಂಥ ಔಷಧ ಕಂಪನಿಗಳಿವೆ. ಇಂಥ ಕಂಪನಿಗಳ ಔಷಧಗಳಲ್ಲಿ ಒಂದಾದ ಇನ್ಸುಲಿನ್ ಅನ್ನು, ಬಳಕೆಗೆ ತೆರೆಯುವವರೆಗೆ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಅದು ಬಳಕೆಗೆ ಬಾರದು. ಶೈತ್ಯಾಗಾರದಲ್ಲಿ ತಂಪು ವಸ್ತುವನ್ನು ಉಳಿಸುತ್ತದೆ. ನುಡಿಗಟ್ಟಿನಲ್ಲಾದರೋ ವಿಷಯದ ಕಾವನ್ನೇ ಆರಿಸುತ್ತದೆ.

ಪ್ರಯೋಗ: ಉದ್ದೇಶಪೂರ್ವಕ ವಿಳಂಬಕ್ಕೆ ‘ತಳ್ಳು’, ಕರ್ತೃವನ್ನು ಹೇಳದಿದ್ದಾಗ ‘ಸೇರು’: “ಸಮಿತಿಯ ವರದಿ ಶೈತ್ಯಾಗಾರ ಸೇರಿತು.” ‘ನೆನೆಗುದಿಗೆ ಬೀಳು’ ಇದಕ್ಕೆ ಹತ್ತಿರದ ದೇಸಿ ನುಡಿ, ಆದರೆ ಅದರಲ್ಲಿ ಉದ್ದೇಶದ ಸೂಚನೆ ಇರಲೇಬೇಕೆಂದಿಲ್ಲ. ‘ಮೂಲೆಗುಂಪು ಮಾಡು’ ವ್ಯಕ್ತಿಗಳಿಗೂ ಸಲ್ಲುತ್ತದೆ.

ನಿದರ್ಶನ: ಕನ್ನಡಿಗರ ಉದ್ಯೋಗಾವಕಾಶ ಕುರಿತ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ನೀಡಿತು. ಅದರ ಪೂರ್ಣ ಜಾರಿಗಾಗಿ ಕನ್ನಡ ಸಂಘಟನೆಗಳು ದಶಕಗಳ ಕಾಲ ಒತ್ತಾಯಿಸಿವೆ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತಾದರೂ ಉದ್ಯಮ ವಲಯದ ವಿರೋಧದ ಬೆನ್ನಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ಬೊಮ್ಮಸಂದ್ರ, ಪೀಣ್ಯಗಳಂಥ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಹುಡುಕುವ ಯುವಜನರ ಬದುಕಿಗೆ ಇಂಥ ವಿಳಂಬ ನೇರವಾಗಿ ತಟ್ಟುತ್ತದೆ.